ಆಟಿಯ ಅಂಗಳಕ್ಕೆ ಬರುತ್ತಿದ್ದ ಕಳಂಜ



ಅಕ್ಟೋಬರ್ 31ರ ಸಂಜೆ ಬೆಂಗಳೂರಿನ ದೊಡ್ಡ ವಸತಿ ಸಮುಚ್ಚಯಗಳಲ್ಲಿ ಮಕ್ಕಳು ದೆವ್ವದ ವೇಷ ಹಾಕಿಕೊಂಡು, ಮನೆಮನೆಯ ಬಾಗಿಲು ತಟ್ಟಿ ಚಾಕಲೇಟು ಕೇಳುವುದು ಈಗ ರೂಢಿಗೆ ಬಂದಿದೆ. ಹ್ಯಾಲೋವಿನ್ ಎಂದು ಅದರ ಹೆಸರು. ಮಾರನೆಯ ದಿನ ನವೆಂಬರ್ 1. ಗಡಿಯ ಆಚೆ ರಾಜ್ಯೋತ್ಸವ, ಈಚೆ ಕೇರಳದ ಹುಟ್ಟುಹಬ್ಬ. ಕಾಸರಗೋಡಿನ ಕನ್ನಡಿಗರಾದ ನಮಗೆ 1956ರ ಆ ದಿನ ಏನೆಂದು ಹೇಳಬೇಕಾಗಿಲ್ಲ. ಊರಿಗೆ ಬಂದ ಮೊಮ್ಮಕ್ಕಳು ಈ ವೇಷದ ಫೋಟೋ ತೋರಿಸಿದಾಗ "ಇದೆಂಥ ಹಬ್ಬ?" ಎಂದು ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ವೇಷಧಾರಿ ಮನೆಬಾಗಿಲಿಗೆ ಬರುವುದು, ಮನೆಯವರು ಅವನಿಗೆ ಕೊಟ್ಟು ಕಳುಹಿಸುವುದು, ಅದೇ ಹೊತ್ತಿಗೆ ಸತ್ತವರನ್ನು ನೆನೆಯುವುದು, ಈ ಮೂರೂ ನಮ್ಮ ಆಟಿ ತಿಂಗಳಲ್ಲಿ ಇದ್ದವು. ಇಂದು ನಾನು ಹೇಳಹೊರಟಿರುವುದು ಆ ಆಟಿಯ ವೇಷ ನನ್ನ ಬಾಲ್ಯದಿಂದ ಈಚೆಗೆ ಹೇಗೆ ಬದಲಾಯಿತು ಎಂಬುದನ್ನು.

ಮೊದಲು ಪರದೇಶದ ಸಂಗತಿಯನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ, 2 ಮೃತರ ಸ್ಮರಣೆಯ ದಿನ. ನಮ್ಮ ಜಿಲ್ಲೆಯ ಕ್ರೈಸ್ತ ಬಂಧುಗಳು ಆ ದಿನ ಸಮಾಧಿಗಳಿಗೆ ಹೂವಿಟ್ಟು ಮೇಣದ ಬತ್ತಿ ಹಚ್ಚುವುದನ್ನು ನಾವು ನೋಡಿದ್ದೇವೆ. ಹಿಂದೆ ಇಂಗ್ಲೆಂಡಿನಲ್ಲಿ ಈ ದಿನಗಳಲ್ಲಿ ಬಡವರು ಮನೆಮನೆಗೆ ಹೋಗಿ, ಆ ಮನೆಯಲ್ಲಿ ತೀರಿಕೊಂಡವರಿಗಾಗಿ ಪ್ರಾರ್ಥಿಸಿ, ಪ್ರತಿಯಾಗಿ ಸಣ್ಣ ರೊಟ್ಟಿಗಳನ್ನು ಪಡೆಯುತ್ತಿದ್ದರು. ಸ್ಕಾಟ್ಲೆಂಡ್, ಐರ್ಲೆಂಡಿನ ಮಕ್ಕಳು ವೇಷ ಹಾಕಿ, ಒಂದು ಹಾಡು ಹೇಳಿ, ಸೇಬು, ಬೀಜಗಳನ್ನು ಪಡೆಯುತ್ತಿದ್ದರು. ವಲಸೆ ಹೋದವರೊಂದಿಗೆ ಇದು ಅಮೆರಿಕ ಸೇರಿತು. ಅಲ್ಲಿ ಪ್ರಾರ್ಥನೆ ಹೋಯಿತು, ಹಾಡು ಹೋಯಿತು, ಮಿಠಾಯಿ ಉಳಿಯಿತು. ಮಿಠಾಯಿ ಕೊಡದಿದ್ದರೆ ಕೀಟಲೆ ಮಾಡುತ್ತೇವೆಂಬ ಮಾತು ಸೇರಿಕೊಂಡದ್ದು 20ನೇ ಶತಮಾನದಲ್ಲಿ.

ಈಗ ನಮ್ಮ ಅಂಗಳಕ್ಕೆ ಬರೋಣ. ಆಟಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ತಿಂಗಳು. ಮಲಯಾಳದಲ್ಲಿ ಅದೇ ಕರ್ಕಟಕ. ಏಣೆಲು ಬೆಳೆಯ ನೇಜಿ ನೆಟ್ಟು ಮುಗಿದಿರುತ್ತದೆ, ಕೂಲಿ ಕೆಲಸ ಇರುವುದಿಲ್ಲ, ಹಿಂದಿನ ವರ್ಷದ ಭತ್ತ ತಳ ಕಂಡಿರುತ್ತದೆ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಹಲಸಿನ ಬೀಜ, ತಜಂಕಿನ ಸೊಪ್ಪು, ಕೆಸುವಿನ ಎಲೆ, ಕಣಿಲೆ, ಇವೇ ಹೊಟ್ಟೆಗೆ. ಆಟಿ ಅಮಾವಾಸ್ಯೆಯಂದು ಪಾಲೆ ಮರದ ತೊಗಟೆಯ ಕಷಾಯ. ಅದೇ ಅಮಾವಾಸ್ಯೆಗೆ ಬೇಕಲದ ಬಳಿಯ ತೃಕ್ಕಣ್ಣಾಡಿನ ಕಡಲ ತೀರದಲ್ಲಿ ಪಿತೃಗಳಿಗೆ ಪಿಂಡ ಬಿಡಲು ಇಂದಿಗೂ ಜನ ಸೇರುತ್ತಾರೆ. ತುಳುವರ ಮನೆಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಕೊಂಡವರಿಗೆ, ಎಲೆ ಹಾಕಿ ಬಡಿಸುವುದು ಈ ತಿಂಗಳಲ್ಲೇ. ಮದುವೆಯಾಗದೆ ಸತ್ತವರಿಗೆ ಪ್ರೇತ ಮದುವೆ ಮಾಡಿಸುವುದೂ ಈ ತಿಂಗಳಲ್ಲೇ.

ಇಂಥ ತಿಂಗಳಲ್ಲಿ ಬರುತ್ತಿದ್ದವನು ಆಟಿ ಕಳಂಜ. ನಲಿಕೆ ಸಮುದಾಯದವರು ಕಟ್ಟುವ ವೇಷ ಅದು. ಸೊಂಟಕ್ಕೆ ಎಳೆಯ ತೆಂಗಿನ ಗರಿಯ ಸಿರಿ, ಕಾಲಿಗೆ ಗಗ್ಗರ, ಮುಖಕ್ಕೆ ಬಣ್ಣ, ತಲೆಗೆ ಹಾಳೆಯ ಮುಟ್ಟಾಳೆ, ಕೈಯಲ್ಲಿ ತಿರುಗಿಸಲು ಓಲೆಯ ಕೊಡೆ. ಜೊತೆಗೊಬ್ಬರು ತೆಂಬರೆ ಬಡಿಯುತ್ತ ಪಾಡ್ದನ ಹೇಳುತ್ತಿದ್ದರು. ಕಳಂಜ ಎಂದರೆ ಕಳೆಯುವವನು ಎಂದು ಜನ ಅರ್ಥ ಹೇಳುವುದುಂಟು. ಮನೆಯ, ಹಟ್ಟಿಯ, ಗದ್ದೆಯ ಮಾರಿಯನ್ನು ಕಳೆಯುವುದು ಅವನ ಕೆಲಸ. ಮನೆಯವರು ಗೆರಸೆಯಲ್ಲಿ ಅಕ್ಕಿ, ತೆಂಗಿನಕಾಯಿ, ಉಪ್ಪು, ಮೆಣಸು, ಅರಸಿನ, ಮಸಿಯ ತುಂಡು ಇಟ್ಟು ಕೊಡುತ್ತಿದ್ದರು.

ಚಂದ್ರಗಿರಿ ಹೊಳೆ ದಾಟಿದರೆ ಹೆಸರು ಬೇರೆ, ಸಂಗತಿ ಅದೇ. ಕಾಞಂಗಾಡು, ನೀಲೇಶ್ವರ ಕಡೆಯಲ್ಲಿ ವಣ್ಣಾನ್ ಸಮುದಾಯದ ಹುಡುಗ ಆಡಿಯಾಗಿಯೂ ಮಲಯ ಸಮುದಾಯದ ಹುಡುಗ ವೇಡನಾಗಿಯೂ ಬರುತ್ತಾರೆ. ಆಡಿ ಪಾರ್ವತಿ, ವೇಡ ಬೇಡರ ರೂಪದ ಶಿವ. ನಲ್ಕದಾಯರು, ಅಂದರೆ ನಮ್ಮ ನಲಿಕೆಯವರೇ, ಕಟ್ಟುವ ಗಳಿಂಜನನ್ನು ಅಲ್ಲಿ ಅರ್ಜುನನೆಂದು ಹೇಳುತ್ತಾರೆ. ಮಸಿ ಕಲಕಿದ ಕಪ್ಪು ನೀರು, ಅರಸಿನ ಸುಣ್ಣ ಕಲಕಿದ ಕೆಂಪು ನೀರು ನಿವಾಳಿಸಿ ಚೆಲ್ಲಿದರೆ ಮನೆಯ ಪೀಡೆ ಹೋಯಿತು. ಭಾಷೆ ಎರಡಾದರೂ ಮಳೆ ಒಂದೇ, ಹಸಿವೂ ಒಂದೇ.

ಈ ಹಸಿವಿನ ಮಾತನ್ನು ನಾವು ಮರೆಯಬಾರದು. ಪತ್ತನಾಜೆ, ಅಂದರೆ ಮೇ ತಿಂಗಳ ಕೊನೆಗೆ ಕೋಲಗಳು ನಿಲ್ಲುತ್ತವೆ. ಮತ್ತೆ ದೈವದ ಗಗ್ಗರ ಕಟ್ಟುವುದು ದೀಪಾವಳಿಯ ಸುತ್ತಮುತ್ತ. ಅಷ್ಟು ತಿಂಗಳು ಕಟ್ಟುವವರಿಗೆ ಸಂಪಾದನೆ ಇಲ್ಲ. ಆದ್ದರಿಂದ ಕಳಂಜನ ಗೆರಸೆಯ ಅಕ್ಕಿ ಶಾಸ್ತ್ರಕ್ಕೆ ಮಾತ್ರ ಕೊಟ್ಟದ್ದಲ್ಲ, ಆ ಮನೆಯ ಒಲೆ ಉರಿಯಲು ಕೊಟ್ಟದ್ದು. 1960ರ ದಶಕದ ಅಕ್ಕಿಯ ಅಭಾವದ ದಿನಗಳಲ್ಲಿ ನನ್ನ ಅಜ್ಜಿ ನಮಗೆಲ್ಲ ಗಂಜಿಯಲ್ಲಿ ಅಗುಳು ಕಡಿಮೆ ಮಾಡಿದರೂ ಕಳಂಜನ ಪಾಲು ಕಡಿಮೆ ಮಾಡುತ್ತಿರಲಿಲ್ಲ. "ಅವ ಕೊಂಡುಹೋಗುವುದು ಅಕ್ಕಿ ಮಾತ್ರ ಅಲ್ಲ" ಎನ್ನುತ್ತಿದ್ದರು. ಮನೆಯ ಕೇಡನ್ನು ಹೊತ್ತುಕೊಂಡು ಹೋಗುವವನಿಗೆ ಮನೆ ಋಣಿ ಎಂಬುದು ಅವರ ಲೆಕ್ಕ. ಅದೇ ಅಜ್ಜಿಯ ಅಂಗಳದಲ್ಲಿ ಕಳಂಜ ಜಗಲಿ ಹತ್ತುವಂತಿರಲಿಲ್ಲ. ಋಣವೂ ಇತ್ತು, ದೂರವೂ ಇತ್ತು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಚರಿತ್ರೆಯಾಗುವುದಿಲ್ಲ.

ಬದಲಾವಣೆ ಹೇಗೆ ಬಂತು? ಒಂದೇ ಕಾರಣ ಹೇಳಲಿಕ್ಕಾಗದು. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ಕೊನೆಗೊಂಡಿತು. ಉಳುವವನಿಗೆ ಭೂಮಿ ಬಂತು, ಅದು ನ್ಯಾಯ. ಗೇಣಿಯ ಭತ್ತ ತುಂಬಿದ ಪತ್ತಾಯದಿಂದ ಕೊಡುತ್ತಿದ್ದ ಮನೆಗಳಲ್ಲಿ ಪತ್ತಾಯ ಖಾಲಿಯಾಯಿತು. ಗದ್ದೆಗಳು ಅಡಿಕೆ ತೋಟವಾದವು, ಗುಡ್ಡಗಳಿಗೆ ರಬ್ಬರು ಬಂತು. ಕಾಯಬೇಕಾದ ಏಣೆಲು ಬೆಳೆಯೇ ಇಲ್ಲದ ಮೇಲೆ ಅದರ ಮಾರಿಯನ್ನು ಕಳೆಯಲು ಯಾರು ಬೇಕು? ರೋಗದ ಭಯವೂ ಇಳಿಯಿತು. ಭಾರತ ಸಿಡುಬಿನಿಂದ ಮುಕ್ತವೆಂದು 1977ರಲ್ಲಿ ಘೋಷಣೆಯಾಯಿತು.

ಆಮೇಲೆ ಗಲ್ಫಿನ ಹಣ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಆ ಡ್ರಾಫ್ಟುಗಳನ್ನು ಪುಸ್ತಕಕ್ಕೆ ಹತ್ತಿಸಿದವನು ನಾನು. ಮೊದಲು ಸಾಲ ತೀರುತ್ತಿತ್ತು, ಮತ್ತೆ ಮಗಳ ಮದುವೆ, ಆಮೇಲೆ ಹೊಸ ಮನೆ, ಮನೆಗೊಂದು ಪಾಗಾರ, ಪಾಗಾರಕ್ಕೊಂದು ಕಬ್ಬಿಣದ ಗೇಟು. ಹಿಂದೆ ತಡಮೆ ದಾಟಿದರೆ ಅಂಗಳ, ಅಂಗಳದಿಂದ ಇನ್ನೊಂದು ಅಂಗಳ. ಕಳಂಜ ನಡೆಯುತ್ತಿದ್ದ ದಾರಿ ಅದೇ ಆಗಿತ್ತು. ಗೇಟು ಬಂದ ಮೇಲೆ ದಾರಿ ರಸ್ತೆಗೆ ಸರಿಯಿತು.

ಎಲ್ಲಕ್ಕಿಂತ ಮುಖ್ಯ ಕಾರಣ ಬೇರೆ ಉಂಟು. ಒಮ್ಮೆ ಕೌಂಟರಿಗೆ ಬಂದ ಒಬ್ಬ ಸರಕಾರಿ ನೌಕರರಲ್ಲಿ, ಅವರ ತಂದೆ ನಮ್ಮ ಕಡೆ ಕಳಂಜ ಕಟ್ಟುತ್ತಿದ್ದವರು, "ನೀವು ಕಟ್ಟುವುದಿಲ್ಲವೇ?" ಎಂದು ಕೇಳಿದೆ. ಅವರು ನಕ್ಕು ಹೇಳಿದರು: "ಇಲ್ಲ ಸಾರ್. ನನ್ನ ಕ್ಲಾಸಿನ ಹುಡುಗ ಜಗಲಿಯಲ್ಲಿ ಕೂತು ನೋಡುತ್ತಿದ್ದ. ನಾನು ಅಪ್ಪನ ಹಿಂದೆ ಅಕ್ಕಿಯ ಚೀಲ ಹಿಡಿದು ಮಳೆಯಲ್ಲಿ ನಿಲ್ಲುತ್ತಿದ್ದೆ. ಮರುದಿನ ಶಾಲೆಗೆ ಹೋಗಲಿಕ್ಕೆ ಮನಸ್ಸಾಗುತ್ತಿರಲಿಲ್ಲ." ಸಂಪ್ರದಾಯ ಅಳಿಯಿತೆಂದು ಮರುಗುವವರು ಈ ಮಾತಿಗೆ ಮೊದಲು ಉತ್ತರ ಕೊಡಬೇಕು. ಆ ತಂದೆಯ ಹಸಿವು ಮಗನಿಗೆ ಬರಲಿಲ್ಲ ಎಂಬುದು ಸಂತೋಷದ ವಿಷಯ. ವೇಷ ನಿಂತದ್ದಕ್ಕೆ ಅದು ಕಾರಣವಾದರೆ ದೂರುವ ಹಕ್ಕು ನಮಗಿಲ್ಲ.

ಈಗ ಕಳಂಜ ಇಲ್ಲವೇ? ಉಂಟು, ವೇದಿಕೆಯ ಮೇಲೆ. "ಆಟಿಡೊಂಜಿ ದಿನ" ಎಂಬ ಕಾರ್ಯಕ್ರಮಗಳು ಮಂಗಳೂರಿನಿಂದ ಮುಂಬಯಿಯ ತನಕ, ಗಲ್ಫಿನ ಸಂಘಗಳ ತನಕ ನಡೆಯುತ್ತವೆ. ಪತ್ರೊಡೆ, ತಜಂಕಿನ ವಡೆ, ಕಣಿಲೆ ಪಲ್ಯ, ಇವೆಲ್ಲ ಬಾಳೆಲೆಯಲ್ಲಿ ಸಾಲುಸಾಲು. ಬರಗಾಲದ ತಿಂಡಿ ಔತಣವಾಯಿತು. ಶಾಲಾ ಮಕ್ಕಳು, ಯುವಕ ಮಂಡಲದವರು ಕಳಂಜನಾಗಿ ಕುಣಿಯುತ್ತಾರೆ. 2022ರಲ್ಲಿ ಕಾಂತಾರ ಚಲನಚಿತ್ರ ಬಂದ ಮೇಲೆ ದೈವದ ವೇಷವನ್ನು ಕಂಡಕಂಡಲ್ಲಿ ಅನುಕರಿಸುವುದರ ಬಗ್ಗೆ ಆಕ್ಷೇಪವೂ ಎದ್ದಿತು. ನನ್ನ ಮಟ್ಟಿಗೆ ಮಕ್ಕಳು ಕುಣಿಯುವುದು ತಪ್ಪಲ್ಲ. ಆದರೆ ಆ ವೇದಿಕೆಯಲ್ಲಿ ಭಾಷಣಕಾರರಿಗೆ ಶಾಲು, ಪಾಡ್ದನ ಬಲ್ಲ ನಲಿಕೆಯ ಹಿರಿಯರಿಗೆ ಕೊನೆಯ ಸಾಲಿನ ಕುರ್ಚಿ ಎಂದಾದರೆ, ಜಗಲಿ ಅಂಗಳದ ಭೇದ ಇನ್ನೂ ಹೋಗಲಿಲ್ಲ ಎಂದೇ ಅರ್ಥ.

ಮಾರಿಯ ಕಾಲ ಮುಗಿಯಿತೆಂದು ತಿಳಿದಿದ್ದ ನಮಗೆ 2020ರಲ್ಲಿ ಕೊರೋನಾ ಪಾಠ ಕಲಿಸಿತು. ಆ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ದಾರಿಯಲ್ಲಿ ಸಿಕ್ಕಿಬಿದ್ದು ಪ್ರಾಣ ಬಿಟ್ಟರು. ಎರಡೂ ಕಡೆಯವರು ಕೇಡು ಆಚೆಯಿಂದ ಬರುತ್ತದೆಂದು ಹೇಳಿಕೊಂಡೆವು. ಕಳಂಜನ ರೀತಿ ಹಾಗಲ್ಲ. ಮನೆಯ ಕೇಡನ್ನು ನೆರೆಮನೆಗೆ ಎಸೆಯದೆ ತಾನೇ ಹೊತ್ತು ನಡೆಯುತ್ತಿದ್ದ. ಹೊತ್ತವನನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಊರಿಗೆ ಗೊತ್ತಿತ್ತು.

ಹೊಳೆಯ ತೆಂಕುಭಾಗದಲ್ಲಿ ಆಡಿ, ವೇಡ ಇನ್ನೂ ಮನೆಮನೆಗೆ ಬರುತ್ತಾರೆ. ಶಾಲೆಗೆ ಹೋಗುವ ಹುಡುಗರೇ ರಜೆಯ ದಿನ ನೋಡಿ ವೇಷ ಕಟ್ಟುತ್ತಾರೆ. ನಿಮ್ಮ ಕಡೆ ಬಂದರೆ ಗೇಟು ತೆರೆಯಿರಿ, ಜಗಲಿಗೆ ಕರೆಯಿರಿ, ಕುಡಿಯಲು ಬಿಸಿಯಾಗಿ ಏನಾದರೂ ಕೊಡಿ, ಕಲಾವಿದರಿಗೆ ಸಲ್ಲುವ ಮರ್ಯಾದೆ ಸಂಭಾವನೆ ಕೊಡಿ. ಪಾಡ್ದನ ಬಲ್ಲ ಹಿರಿಯರು ಹತ್ತಿರದಲ್ಲಿದ್ದರೆ, ಅವರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಧ್ವನಿ ಹಿಡಿದಿಡಿ, ಜೊತೆಗೆ ಅವರ ಹೆಸರನ್ನೂ ಬರೆದಿಡಿ. ಮೊಮ್ಮಕ್ಕಳು ಹ್ಯಾಲೋವಿನ್ ಆಡಿದರೆ ಗದರಬೇಡಿ. ಬಾಗಿಲು ತಟ್ಟಿದವರಿಗೆ ಕೊಡುವುದು ಒಳ್ಳೆಯ ಪಾಠವೇ. ನಮ್ಮ ಅಂಗಳದಲ್ಲಿ ಮಳೆಯಲ್ಲಿ ನಿಂತಿದ್ದವರ ಕತೆಯನ್ನೂ ಅವರಿಗೆ ಹೇಳಿ, ಚೀಲ ಹಿಡಿದಿದ್ದ ಹುಡುಗನ ಕತೆಯನ್ನು ಬಿಡದೆ ಹೇಳಿ.