ಬ್ರೆಕ್ಸಿಟ್: ಐರೋಪ್ಯ ಒಕ್ಕೂಟವನ್ನು ಬ್ರಿಟನ್ ತೊರೆದ ಬಗೆ

'ಬ್ರಿಟನ್' ಮತ್ತು ನಿರ್ಗಮನ ಎಂಬರ್ಥದ 'ಎಕ್ಸಿಟ್' ಪದಗಳು ಕೂಡಿ ಹುಟ್ಟಿದ ಹೊಸ ಪದವೇ ಬ್ರೆಕ್ಸಿಟ್. 47 ವರ್ಷಗಳ ಸದಸ್ಯತ್ವದ ನಂತರ 2020ರ ಜನವರಿ 31ರಂದು ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಅಧಿಕೃತವಾಗಿ ಹೊರನಡೆಯಿತು. ಡೆನ್ಮಾರ್ಕ್‌ಗೆ ಸೇರಿದ ಗ್ರೀನ್‌ಲ್ಯಾಂಡ್ ಪ್ರದೇಶವು 1985ರಲ್ಲಿಯೇ ಅಂದಿನ ಐರೋಪ್ಯ ಸಮುದಾಯವನ್ನು ತೊರೆದಿತ್ತಾದರೂ, ಸದಸ್ಯ ರಾಷ್ಟ್ರವೊಂದು ಹೊರಬಂದದ್ದು ಇದೇ ಮೊದಲು. ಬ್ರಿಟನ್ ನಿರ್ಗಮನದ ನಂತರ ಒಕ್ಕೂಟದಲ್ಲಿ 27 ರಾಷ್ಟ್ರಗಳು ಉಳಿದವು.

2016ರ ಜನಮತಗಣನೆಯಲ್ಲಿ ಮತದಾರರ ಮುಂದೆ ಇದ್ದದ್ದು ಒಕ್ಕೂಟದಲ್ಲಿ ಉಳಿಯಬೇಕೇ, ತೊರೆಯಬೇಕೇ ಎಂಬ ಒಂದೇ ಪ್ರಶ್ನೆ. ತೊರೆದ ನಂತರದ ಸಂಬಂಧ ಹೇಗಿರಬೇಕೆಂಬುದನ್ನು ಮತಪತ್ರ ಕೇಳಿರಲಿಲ್ಲ. ಮುಂದಿನ ಮೂರೂವರೆ ವರ್ಷಗಳ ರಾಜಕೀಯ ಬಿಕ್ಕಟ್ಟಿಗೆ ಈ ಕೊರತೆಯೇ ಮುಖ್ಯ ಕಾರಣವಾಯಿತು.

ಹಿನ್ನೆಲೆ

ಐರೋಪ್ಯ ಆರ್ಥಿಕ ಸಮುದಾಯವನ್ನು ಸೇರಲು ಬ್ರಿಟನ್ ನಡೆಸಿದ ಯತ್ನಗಳನ್ನು ಫ್ರಾನ್ಸ್‌ನ ಅಧ್ಯಕ್ಷ ಚಾರ್ಲ್ಸ್ ಡಿ ಗಾಲ್ 1963 ಮತ್ತು 1967ರಲ್ಲಿ ತಡೆದರು. ಕೊನೆಗೆ ಎಡ್ವರ್ಡ್ ಹೀತ್ ಪ್ರಧಾನಿಯಾಗಿದ್ದಾಗ, 1973ರ ಜನವರಿ 1ರಂದು ಬ್ರಿಟನ್‌ಗೆ ಸದಸ್ಯತ್ವ ದೊರೆಯಿತು. ಎರಡೇ ವರ್ಷಗಳಲ್ಲಿ, ಲೇಬರ್ ಪಕ್ಷದೊಳಗಿನ ಭಿನ್ನಮತದಿಂದಾಗಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಈ ವಿಷಯವನ್ನು ಜನರ ಮುಂದಿಟ್ಟರು. 1975ರ ಜೂನ್ 5ರಂದು ನಡೆದ ಜನಮತಗಣನೆಯಲ್ಲಿ ಶೇ. 67ರಷ್ಟು ಮತದಾರರು ಉಳಿಯುವ ಪರ ನಿಂತರು.

ಅಂದು ಸದಸ್ಯತ್ವವನ್ನು ಕಟುವಾಗಿ ವಿರೋಧಿಸಿದವರಲ್ಲಿ ಟೋನಿ ಬೆನ್ ಅವರಂತಹ ಎಡಪಂಥೀಯರು ಪ್ರಮುಖರು. ಕನ್ಸರ್ವೇಟಿವ್ ಪಕ್ಷದ ಹೊಸ ನಾಯಕಿ ಮಾರ್ಗರೆಟ್ ಥ್ಯಾಚರ್ ಉಳಿಯುವ ಪರ ಪ್ರಚಾರ ಮಾಡಿದ್ದರು. ಮುಂದೆ ಈ ನಿಲುವುಗಳು ತಿರುವುಮುರುವಾದವು. ಕಾರ್ಮಿಕರ ಹಕ್ಕುಗಳ ರಕ್ಷಣೆಗೆ ಒಕ್ಕೂಟವೇ ಆಸರೆ ಎಂದು ಲೇಬರ್ ಪಕ್ಷ ಭಾವಿಸತೊಡಗಿದರೆ, 1988ರ ಬ್ರೂಜ್ ಭಾಷಣದಿಂದಾಚೆಗೆ ಥ್ಯಾಚರ್ ಮತ್ತು ಅವರ ಅನುಯಾಯಿಗಳಲ್ಲಿ ಬ್ರಸೆಲ್ಸ್‌ನ ಅಧಿಕಾರದ ಬಗೆಗಿನ ಸಂಶಯ ಬಲವಾಯಿತು. 1992ರ ಮಾಸ್ಟ್ರಿಕ್ಟ್ ಒಪ್ಪಂದವು ಆರ್ಥಿಕ ಸಮುದಾಯಕ್ಕೆ ರಾಜಕೀಯ ಒಕ್ಕೂಟದ ರೂಪ ಕೊಟ್ಟಾಗ ಕನ್ಸರ್ವೇಟಿವ್ ಪಕ್ಷದ ಒಡಕು ಬಹಿರಂಗವಾಯಿತು. ಬ್ರಿಟನ್ ಯೂರೋ ನಾಣ್ಯವನ್ನಾಗಲಿ, ಗಡಿ ತಪಾಸಣೆಯಿಲ್ಲದ ಷೆಂಗೆನ್ ವ್ಯವಸ್ಥೆಯನ್ನಾಗಲಿ ಒಪ್ಪಲಿಲ್ಲ.

2004ರಲ್ಲಿ ಪೂರ್ವ ಯುರೋಪಿನ ಎಂಟು ರಾಷ್ಟ್ರಗಳೂ ಸೇರಿದಂತೆ ಹತ್ತು ದೇಶಗಳು ಒಕ್ಕೂಟ ಸೇರಿದವು. ಹೆಚ್ಚಿನ ಹಳೆಯ ಸದಸ್ಯರು ತಮ್ಮ ಉದ್ಯೋಗ ಮಾರುಕಟ್ಟೆಯನ್ನು ಹಂತ ಹಂತವಾಗಿ ತೆರೆದರೆ, ಬ್ರಿಟನ್, ಐರ್ಲೆಂಡ್ ಮತ್ತು ಸ್ವೀಡನ್ ಕೂಡಲೇ ತೆರೆದವು. ಪೋಲೆಂಡ್ ಮೊದಲಾದ ದೇಶಗಳಿಂದ ನಿರೀಕ್ಷೆಗೂ ಮೀರಿ ಕಾರ್ಮಿಕರು ಬಂದರು. 2008ರ ಆರ್ಥಿಕ ಕುಸಿತ ಮತ್ತು ಆನಂತರದ ವೆಚ್ಚ ಕಡಿತದಿಂದ ನೊಂದಿದ್ದ ಊರುಗಳಲ್ಲಿ ವಲಸೆ ದೊಡ್ಡ ರಾಜಕೀಯ ವಿಷಯವಾಯಿತು.

ಜನಮತಗಣನೆ

ಸ್ವಪಕ್ಷದ ಅತೃಪ್ತರನ್ನೂ ಬೆಳೆಯುತ್ತಿದ್ದ ಯುಕೆ ಇಂಡಿಪೆಂಡೆನ್ಸ್ ಪಕ್ಷವನ್ನೂ ಎದುರಿಸಬೇಕಾಗಿದ್ದ ಪ್ರಧಾನಿ ಡೇವಿಡ್ ಕ್ಯಾಮರೂನ್, 2013ರ ಜನವರಿಯಲ್ಲಿ ಜನಮತಗಣನೆಯ ಭರವಸೆ ನೀಡಿದರು. 2015ರ ಚುನಾವಣೆಯಲ್ಲಿ ಬಹುಮತ ದೊರೆತ ಕಾರಣ ಆ ಭರವಸೆಯನ್ನು ಈಡೇರಿಸಲೇಬೇಕಾಯಿತು.

ಉಳಿಯುವ ಪಕ್ಷದವರು ಆರ್ಥಿಕ ನಷ್ಟದ ಭೀತಿಯನ್ನು ಮುಂದಿಟ್ಟರು. 2030ರ ವೇಳೆಗೆ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 4,300 ಪೌಂಡ್ ನಷ್ಟಕ್ಕೆ ಸಮನಾದ ಹೊಡೆತ ಬೀಳುವುದೆಂದು ಹಣಕಾಸು ಇಲಾಖೆ ಲೆಕ್ಕ ಹಾಕಿತು. ತೊರೆಯುವ ಪಕ್ಷದವರು ಕಾನೂನು, ಗಡಿ ಮತ್ತು ಹಣದ ಮೇಲಿನ ಹತೋಟಿಯನ್ನು ಮರಳಿ ಪಡೆಯುವ ಮಾತಾಡಿದರು. ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಹೋಗುತ್ತಿದೆ, ಅದನ್ನು ಸರ್ಕಾರಿ ಆರೋಗ್ಯ ಸೇವೆಗೆ ಬಳಸಬಹುದು ಎಂದು ಅವರ ಪ್ರಚಾರದ ಬಸ್ಸಿನ ಮೇಲೆ ಬರೆಯಲಾಗಿತ್ತು. ಬ್ರಿಟನ್‌ಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದ ಈ ಅಂಕಿ ದಾರಿ ತಪ್ಪಿಸುವಂಥದ್ದು ಎಂದು ಅಂಕಿಅಂಶ ಪ್ರಾಧಿಕಾರ ಎಚ್ಚರಿಸಿತು. ಮತದಾನಕ್ಕೆ ಒಂದು ವಾರ ಮೊದಲು, ಉಳಿಯುವ ಪರವಾಗಿದ್ದ ಸಂಸದೆ ಜೋ ಕಾಕ್ಸ್ ಅವರ ಹತ್ಯೆ ನಡೆದು ದೇಶ ತಲ್ಲಣಿಸಿತು.

2016ರ ಜೂನ್ 23ರಂದು ಶೇ. 72ರಷ್ಟು ಮತದಾನವಾಯಿತು. ತೊರೆಯುವ ಪರ ಶೇ. 51.9, ಉಳಿಯುವ ಪರ ಶೇ. 48.1 ಮತಗಳು ಬಿದ್ದವು. ಅಂತರ ಸುಮಾರು 12.7 ಲಕ್ಷ ಮತಗಳು. ಇಂಗ್ಲೆಂಡ್ ಮತ್ತು ವೇಲ್ಸ್ ತೊರೆಯುವ ಕಡೆಗೆ ವಾಲಿದರೆ, ಸ್ಕಾಟ್ಲೆಂಡ್ ಶೇ. 62ರಷ್ಟು ಮತ್ತು ಉತ್ತರ ಐರ್ಲೆಂಡ್ ಶೇ. 56ರಷ್ಟು ಉಳಿಯುವ ಪರವಾಗಿದ್ದವು.

ಈ ಮತದಾನದಲ್ಲಿ ಬ್ರಿಟನ್‌ನಲ್ಲಿ ನೆಲೆಸಿದ್ದ ಕಾಮನ್‌ವೆಲ್ತ್ ರಾಷ್ಟ್ರಗಳ ಪ್ರಜೆಗಳಿಗೂ ಹಕ್ಕಿತ್ತು ಎಂಬುದು ಗಮನಾರ್ಹ. ಆದ್ದರಿಂದ ಭಾರತದ ಪಾಸ್‌ಪೋರ್ಟ್ ಹೊಂದಿದ್ದ ಕನ್ನಡಿಗರೂ ಅಲ್ಲಿ ಮತ ಹಾಕಬಹುದಿತ್ತು. ಆದರೆ ಹಲವು ವರ್ಷಗಳಿಂದ ಅಲ್ಲೇ ದುಡಿಯುತ್ತಿದ್ದ ಫ್ರೆಂಚ್ ಅಥವಾ ಪೋಲಿಷ್ ಪ್ರಜೆಗಳಿಗೆ ಆ ಹಕ್ಕಿರಲಿಲ್ಲ. ಫಲಿತಾಂಶದಿಂದ ಬದುಕು ನೇರವಾಗಿ ಬದಲಾಗಲಿದ್ದದ್ದು ಇವರದ್ದೇ.

'ತೊರೆಯುವುದು' ಎಂದರೇನು?

ಒಕ್ಕೂಟದಿಂದ ಹೊರಗಿರುವ ದೇಶಗಳಿಗೂ ಅದರೊಡನೆ ಬಗೆಬಗೆಯ ಸಂಬಂಧಗಳಿವೆ. ನಾರ್ವೆ ಸದಸ್ಯನಲ್ಲದಿದ್ದರೂ ಏಕ ಮಾರುಕಟ್ಟೆಯೊಳಗಿದೆ. ಅದಕ್ಕೆ ಪ್ರತಿಯಾಗಿ ಜನರ ಮುಕ್ತ ಸಂಚಾರವನ್ನು ಒಪ್ಪಿದೆ, ಒಕ್ಕೂಟಕ್ಕೆ ಹಣವನ್ನೂ ಕೊಡುತ್ತದೆ. ಟರ್ಕಿಯು ಕೈಗಾರಿಕಾ ಸರಕುಗಳಿಗೆ ಸಂಬಂಧಿಸಿ ಸುಂಕ ಒಕ್ಕೂಟದಲ್ಲಿದೆ. ಕೆನಡಾಕ್ಕೆ ಕೇವಲ ವ್ಯಾಪಾರ ಒಪ್ಪಂದವಿದೆ. ಯಾವ ಒಪ್ಪಂದವೂ ಇಲ್ಲದೆ ವಿಶ್ವ ವ್ಯಾಪಾರ ಸಂಘಟನೆಯ ನಿಯಮಗಳ ಪ್ರಕಾರ ವ್ಯವಹರಿಸುವುದು ಮತ್ತೊಂದು ದಾರಿ. ಒಂದು ಕೋಟಿ 74 ಲಕ್ಷ ಜನರು ತೊರೆಯುವ ಪರ ಮತ ಹಾಕಿದ್ದರೂ, ಅವರು ಈ ದಾರಿಗಳಲ್ಲಿ ಯಾವುದನ್ನು ಬಯಸಿದ್ದರೆಂದು ಖಚಿತವಾಗಿ ಹೇಳುವ ಸಾಧನ ಯಾರಲ್ಲಿಯೂ ಇರಲಿಲ್ಲ. ಪ್ರತಿಯೊಂದು ಗುಂಪೂ ತನ್ನ ಅರ್ಥವೇ ಜನಾದೇಶ ಎಂದಿತು.

ಕ್ಯಾಮರೂನ್ ರಾಜೀನಾಮೆಯ ನಂತರ ಪ್ರಧಾನಿಯಾದ ಥೆರೆಸಾ ಮೇ ಏಕ ಮಾರುಕಟ್ಟೆ ಮತ್ತು ಸುಂಕ ಒಕ್ಕೂಟ ಎರಡನ್ನೂ ತೊರೆಯುವ ನಿಲುವು ತಳೆದರು. ನಿರ್ಗಮನ ಪ್ರಕ್ರಿಯೆಗೆ ಸಂಸತ್ತಿನ ಒಪ್ಪಿಗೆ ಅಗತ್ಯವೆಂದು 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಸಂಸತ್ತಿನ ಒಪ್ಪಿಗೆ ಪಡೆದು, ಲಿಸ್ಬನ್ ಒಪ್ಪಂದದಿಂದ ಜಾರಿಗೆ ಬಂದಿದ್ದ 50ನೇ ವಿಧಿಯ ಅನ್ವಯ ಮಾರ್ಚ್ 29ರಂದು ನೋಟಿಸ್ ನೀಡಲಾಯಿತು. ಅದೇ ವರ್ಷದ ಜೂನ್ ಚುನಾವಣೆಯಲ್ಲಿ ಮೇ ಬಹುಮತ ಕಳೆದುಕೊಂಡರು.

ಐರ್ಲೆಂಡ್ ಗಡಿ

ಪ್ರಚಾರದ ವೇಳೆ ಇಂಗ್ಲೆಂಡಿನಲ್ಲಿ ಅಷ್ಟಾಗಿ ಚರ್ಚೆಯಾಗದ ಐರ್ಲೆಂಡ್ ಗಡಿಯೇ ಮಾತುಕತೆಯ ಮುಖ್ಯ ತೊಡಕಾಯಿತು. ಬ್ರಿಟನ್‌ಗೆ ಸೇರಿದ ಉತ್ತರ ಐರ್ಲೆಂಡ್ ಮತ್ತು ಒಕ್ಕೂಟದ ಸದಸ್ಯನಾದ ಐರ್ಲೆಂಡ್ ಗಣರಾಜ್ಯದ ನಡುವೆ ಸುಮಾರು 500 ಕಿ.ಮೀ. ಗಡಿಯಿದೆ. ಮೂರು ದಶಕಗಳ ಹಿಂಸಾಚಾರದಲ್ಲಿ 3,500ಕ್ಕೂ ಹೆಚ್ಚು ಜನರು ಸತ್ತ ಮೇಲೆ, 1998ರ ಗುಡ್ ಫ್ರೈಡೇ ಒಪ್ಪಂದ ಶಾಂತಿ ತಂದಿತ್ತು. ಸೈನಿಕ ಠಾಣೆಗಳು ಮಾಯವಾಗಿ ಗಡಿ ತೆರೆದುಕೊಂಡಿತ್ತು. ಎರಡೂ ಕಡೆ ಬೇರೆ ಬೇರೆ ಸುಂಕ ನಿಯಮಗಳು ಬಂದರೆ ಸರಕು ತಪಾಸಣೆ ಎಲ್ಲಿ ನಡೆಯಬೇಕು? ಗಡಿಯಲ್ಲಿ ನಡೆಸಿದರೆ ಶಾಂತಿಗೆ ಧಕ್ಕೆ. ಸಮುದ್ರದ ಈಚೆ ನಡೆಸಿದರೆ ಬ್ರಿಟನ್ ತನ್ನೊಳಗೇ ಗೆರೆ ಎಳೆದುಕೊಂಡಂತೆ.

ಪರಿಹಾರ ದೊರೆಯುವವರೆಗೆ ಇಡೀ ಬ್ರಿಟನ್ ಸುಂಕ ಒಕ್ಕೂಟದ ವ್ಯಾಪ್ತಿಯಲ್ಲಿರಬಹುದಾದ ಏರ್ಪಾಡನ್ನು ಮೇ ಒಪ್ಪಿಕೊಂಡರು. 2019ರ ಜನವರಿ 15ರಂದು ಕೆಳಮನೆಯು ಅವರ ಒಪ್ಪಂದವನ್ನು 432-202 ಮತಗಳಿಂದ ತಿರಸ್ಕರಿಸಿತು. ಮತ್ತೆ ಎರಡು ಬಾರಿ ಸೋಲಾಯಿತು. ಈ ನಡುವೆ ಸಂಸದರೇ ಪರ್ಯಾಯಗಳನ್ನು ಮತಕ್ಕೆ ಹಾಕಿದರು. ಮಾರ್ಚ್ 27ರಂದು ಎಂಟು, ಏಪ್ರಿಲ್ 1ರಂದು ನಾಲ್ಕು ಪ್ರಸ್ತಾವಗಳು ಬಂದು ಒಂದಕ್ಕೂ ಬಹುಮತ ಸಿಗಲಿಲ್ಲ. ಸುಂಕ ಒಕ್ಕೂಟದ ಪ್ರಸ್ತಾವ ಕೇವಲ ಮೂರು ಮತಗಳಿಂದ ಬಿದ್ದುಹೋಯಿತು. ಬೇಡವೆನ್ನುವುದಕ್ಕೆ ಬಹುಮತವಿತ್ತು, ಬೇಕೆನ್ನುವುದಕ್ಕೆ ಇರಲಿಲ್ಲ.

ನಿರ್ಗಮನ

2019ರ ಜುಲೈನಲ್ಲಿ ಪ್ರಧಾನಿಯಾದ ಬೋರಿಸ್ ಜಾನ್ಸನ್ ಸಂಸತ್ತಿನ ಅಧಿವೇಶನವನ್ನು ಐದು ವಾರ ಮುಂದೂಡಿದರು. ಆ ಕ್ರಮ ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಮೂರ್ತಿಗಳು ಸರ್ವಾನುಮತದಿಂದ ಸಾರಿದರು. ತಪಾಸಣೆಯನ್ನು ಸಮುದ್ರದ ಈಚೆಗೆ ತರುವ ಹೊಸ ಒಪ್ಪಂದ ಮಾಡಿಕೊಂಡ ಜಾನ್ಸನ್, ಡಿಸೆಂಬರ್ ಚುನಾವಣೆಯಲ್ಲಿ 80 ಸ್ಥಾನಗಳ ಬಹುಮತ ಗಳಿಸಿದರು. ನಿರ್ಗಮನಕ್ಕೆ ದಾರಿ ಸುಗಮವಾಯಿತು. ವ್ಯಾಪಾರ ಒಪ್ಪಂದ 2020ರ ಡಿಸೆಂಬರ್ 24ರಂದು ಕುದುರಿತು. ವರ್ಷದ ಕೊನೆಯಲ್ಲಿ ಹಳೆಯ ವ್ಯವಸ್ಥೆ ಮುಗಿಯಿತು.

ಉತ್ತರ ಐರ್ಲೆಂಡಿನಲ್ಲಿ ವಿವಾದ ನಿಲ್ಲಲಿಲ್ಲ. ಸಮುದ್ರದ ಗಡಿಯನ್ನು ಪ್ರತಿಭಟಿಸಿ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷ 2022ರ ಫೆಬ್ರುವರಿಯಿಂದ ಎರಡು ವರ್ಷ ಪ್ರಾಂತೀಯ ಸರ್ಕಾರದಿಂದ ದೂರ ಉಳಿಯಿತು. ನಿಯಮಗಳನ್ನು ಸಡಿಲಿಸಿದ 2023ರ ವಿಂಡ್ಸರ್ ಒಪ್ಪಂದವನ್ನು ಕುದುರಿಸಿದವರು ಅಂದಿನ ಪ್ರಧಾನಿ ರಿಷಿ ಸುನಕ್. ಇನ್ಫೊಸಿಸ್ ಸಂಸ್ಥಾಪಕ ಎನ್.ಆರ್. ನಾರಾಯಣ ಮೂರ್ತಿ ಅವರ ಅಳಿಯನಾದ ಸುನಕ್ 2016ರಲ್ಲಿ ತೊರೆಯುವ ಪರ ಇದ್ದವರು.

ಲಾಭ-ನಷ್ಟ

ಮತದಾನದ ಬೆನ್ನಲ್ಲೇ ಆರ್ಥಿಕ ಹಿಂಜರಿತ ಬರುವುದೆಂಬ ಭವಿಷ್ಯ ನಿಜವಾಗಲಿಲ್ಲ. ಆದರೆ ದೀರ್ಘಾವಧಿಯಲ್ಲಿ ದೇಶದ ಉತ್ಪಾದಕತೆ ಶೇ. 4ರಷ್ಟು ತಗ್ಗುವುದೆಂದು ಬ್ರಿಟನ್ನಿನ ಆಯವ್ಯಯ ಹೊಣೆಗಾರಿಕೆ ಕಚೇರಿ ಅಂದಾಜಿಸಿದೆ. ಗಡಿಯ ಕಾಗದಪತ್ರಗಳ ಹೊರೆ ಸಣ್ಣ ರಫ್ತುದಾರರಿಗೆ ಹೆಚ್ಚು ತಟ್ಟಿತು. ತೊರೆದವರು ಬಯಸಿದ್ದ ಸ್ವತಂತ್ರ ವ್ಯಾಪಾರ ನೀತಿ ದಕ್ಕಿದೆ. 2025ರ ಜುಲೈ 24ರಂದು ಭಾರತದೊಡನೆ ಸಹಿಯಾದ ಮುಕ್ತ ವ್ಯಾಪಾರ ಒಪ್ಪಂದ ಅದರ ಫಲ. ಒಕ್ಕೂಟದ ಸದಸ್ಯನಾಗಿದ್ದರೆ ಬ್ರಿಟನ್ ಅದನ್ನು ಪ್ರತ್ಯೇಕವಾಗಿ ಮಾಡಿಕೊಳ್ಳುವಂತಿರಲಿಲ್ಲ.

ವಲಸೆಯ ವಿಷಯದಲ್ಲಿ ಫಲಿತಾಂಶ ನಿರೀಕ್ಷೆಗೆ ವಿರುದ್ಧವಾಯಿತು. ಐರೋಪ್ಯರ ಬರವು ಇಳಿದರೂ, 2021ರಿಂದ ಜಾರಿಗೆ ಬಂದ ಅಂಕ ಆಧಾರಿತ ವ್ಯವಸ್ಥೆಯಡಿ ಭಾರತ, ನೈಜೀರಿಯಾ ಮೊದಲಾದ ದೇಶಗಳಿಂದ ವಿದ್ಯಾರ್ಥಿಗಳು ಮತ್ತು ಆರೋಗ್ಯ ಸಿಬ್ಬಂದಿ ದೊಡ್ಡ ಸಂಖ್ಯೆಯಲ್ಲಿ ಬಂದರು. 2023ರ ವೇಳೆಗೆ ನಿವ್ವಳ ವಲಸೆ ವರ್ಷಕ್ಕೆ 9 ಲಕ್ಷ ದಾಟಿತು. ನಂತರ ನಿಯಮಗಳನ್ನು ಬಿಗಿಗೊಳಿಸಿದ ಮೇಲೆ ಅದು ತೀವ್ರವಾಗಿ ಇಳಿಯಿತು.

2024ರ ಜುಲೈನಲ್ಲಿ ಅಧಿಕಾರಕ್ಕೆ ಬಂದ ಕೀರ್ ಸ್ಟಾರ್ಮರ್ ಅವರ ಲೇಬರ್ ಪಕ್ಷವು ಏಕ ಮಾರುಕಟ್ಟೆಗಾಗಲಿ, ಸುಂಕ ಒಕ್ಕೂಟಕ್ಕಾಗಲಿ ಮರಳುವುದಿಲ್ಲವೆಂದು ಚುನಾವಣೆಗೆ ಮೊದಲೇ ಘೋಷಿಸಿತ್ತು. 2025ರ ಮೇ ತಿಂಗಳ ಲಂಡನ್ ಶೃಂಗಸಭೆಯಲ್ಲಿ ಮೀನುಗಾರಿಕೆ, ಆಹಾರ ತಪಾಸಣೆ, ರಕ್ಷಣೆ ಕುರಿತು ಒಕ್ಕೂಟದೊಡನೆ ಹೊಸ ಹೊಂದಾಣಿಕೆಗೆ ಬರಲಾಯಿತು. ತೊರೆಯುವ ನಿರ್ಧಾರ ಒಂದೇ ದಿನದ ಮತದಾನದಲ್ಲಿ ಆಯಿತು. ತೊರೆದ ಮೇಲೆ ನೆರೆಯವರೊಡನೆ ಹೇಗೆ ಬಾಳಬೇಕೆಂಬುದನ್ನು ಮಾತ್ರ ಬ್ರಿಟನ್ ಒಂದೊಂದೇ ವಿಷಯವಾಗಿ ತೀರ್ಮಾನಿಸಬೇಕಾಗಿ ಬಂದಿದೆ.