ಬಡ್ಡಿ ಕಡಿಮೆ, ಸರಿ. ಜಾಮೀನು ಯಾರದು?



ಬುಲೆಟ್ ರೈಲಿನ ಮಾತು ಬಂದಾಗಲೆಲ್ಲ ಒಂದೇ ವಾದ ಕೇಳ್ತೀವಿ. "ಜಪಾನಿನವರು 0.1 ಪರ್ಸೆಂಟ್ ಬಡ್ಡಿಗೆ ಕೊಟ್ಟಿದ್ದಾರೆ, ತೀರಿಸೋಕೆ 50 ವರ್ಷ ಟೈಮಿದೆ, ಮೊದಲ 15 ವರ್ಷ ಅಸಲು ಕಟ್ಟೋ ಹಾಗೇ ಇಲ್ಲ. ಇದೇನ್ರಿ ಸಾಲ, ಬಿಟ್ಟಿ ಸಿಕ್ಕಿದ ಹಾಗೆ!" 2017ರ ಸೆಪ್ಟೆಂಬರ್ 14ರಂದು ಅಹಮದಾಬಾದಿನಲ್ಲಿ ಶಿಂಜೊ ಅಬೆ ಜೊತೆ ಶಂಕುಸ್ಥಾಪನೆ ಮಾಡಿದಾಗ ಪ್ರಧಾನಿಗಳು ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ನಮ್ಮ ಹುಡುಗರೂ ಇದನ್ನ ಒಪ್ಪಿಕೊಂಡು ಸುಮ್ಮನಾಗಿಬಿಡ್ತಾರೆ, ಯಾಕಂದ್ರೆ ಬಡ್ಡಿ ಲೆಕ್ಕದಲ್ಲಿ ತಪ್ಪು ಕಾಣಲ್ಲ. ನಾನು ಆಫೀಸಲ್ಲಿ ಲೆಕ್ಕ ಬರೆಯೋ ಗುಮಾಸ್ತ. ಸಾಲದ ಕಾಗದ ಕೈಗೆ ಬಂದ್ರೆ ಮೊದಲು ನೋಡೋದು ಜಾಮೀನು ಹಾಕಿದವರು ಯಾರು ಅಂತ. ಈ ದೇಶದ ರೈಲಿಗೆ ಜಾಮೀನು ಹಾಕಿದವರ ಕತೆ ತುಂಬಾ ಹಳೇದು.

1853ರ ಏಪ್ರಿಲ್ 16ರಂದು ಮುಂಬೈಯ ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೊರಟಿದ್ದು ಎಲ್ಲರಿಗೂ ಗೊತ್ತು. ಅದಕ್ಕೂ ನಾಲ್ಕು ವರ್ಷ ಮೊದಲು, 1849ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಲಂಡನ್ನಿನ ರೈಲ್ವೆ ಕಂಪನಿಗಳ ಜೊತೆ ಮಾಡಿಕೊಂಡ ಕರಾರನ್ನ ಓದಿದವರು ಕಡಿಮೆ. ಜಮೀನು ಪುಕ್ಕಟೆ. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ 5 ಪರ್ಸೆಂಟ್ ಗ್ಯಾರಂಟಿ ಆದಾಯ. ರೈಲು ಲಾಭ ಮಾಡಿದ್ರೆ ಸರಿ, ಮಾಡದಿದ್ರೆ ಆ 5 ಪರ್ಸೆಂಟನ್ನ ಭಾರತದ ಕಂದಾಯದಿಂದ ತುಂಬಿಕೊಡಬೇಕು. ಲಂಡನ್ನಿನಲ್ಲಿ ಷೇರು ತಗೊಂಡ ವಿಧವೆಗೂ ಪಾದ್ರಿಗೂ ಯಾವ ಅಪಾಯವೂ ಇಲ್ಲ. ಅಪಾಯವೆಲ್ಲ ಇಲ್ಲಿ ಕಂದಾಯ ಕಟ್ಟೋ ರೈತಂದು. ಇದರಿಂದ ಕೆಲಸ ಹೇಗಾಯ್ತು? ವೈಸ್‌ರಾಯ್ ಕೌನ್ಸಿಲಿನಲ್ಲಿ ಹಣಕಾಸು ನೋಡ್ತಿದ್ದ ವಿಲಿಯಂ ಮ್ಯಾಸ್ಸಿ ಆಮೇಲೆ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿ ಮುಂದೆ ಒಪ್ಪಿಕೊಂಡ: 5 ಪರ್ಸೆಂಟ್ ಖಾತ್ರಿ ಇರೋ ತನಕ ತನ್ನ ದುಡ್ಡನ್ನ ಹೂಗ್ಲಿ ನದಿಗೆ ಎಸೆದರೂ ಇಂಗ್ಲಿಷ್ ಬಂಡವಾಳಗಾರನಿಗೆ ಚಿಂತೆಯಿರಲಿಲ್ಲ ಅಂತ. ಖರ್ಚು ಏರಿದಷ್ಟೂ ಗ್ಯಾರಂಟಿ ಸಿಗೋ ಮೊತ್ತ ಏರುತ್ತೆ ಅಂದ್ರೆ ಖರ್ಚು ಉಳಿಸೋನು ಯಾರು?

ಈ ರೈಲನ್ನ ಕಟ್ಟಿದ್ದು ನಮ್ಮವರು. ಮುಂಬೈ–ಪುಣೆ ನಡುವೆ ಭೋರ್ ಘಾಟ್ ಏರಿಸೋ ಕೆಲಸಕ್ಕೆ 1856ರಿಂದ 1863ರವರೆಗೆ ಒಟ್ಟು ಏಳು ವರ್ಷ ಹಿಡೀತು. ಬಂಡೆ ಸಿಡಿಸುವಾಗ, ಮೇಲಿಂದ ಬಿದ್ದು, ಕಾಲರಾ ಬಂದು ಸತ್ತವರು ಸಾವಿರಾರು ಜನ. ಕೂಲಿ ಸರಿಯಾಗಿ ಕೊಡಲಿಲ್ಲ ಅಂತ 1859ರಲ್ಲಿ ಅಲ್ಲಿ ಕೂಲಿಗಳು ದಂಗೆ ಎದ್ದಿದ್ದರು. ನಮ್ಮ ಸೀಮೆಯ ವಡ್ಡರು, ಮಣ್ಣು ಕೆಲಸದವರು, ಕಲ್ಲು ಕೆಲಸದವರು, ಹೆಂಡ್ರು ಮಕ್ಕಳು ಕತ್ತೆಗಳ ಸಮೇತ ದಕ್ಷಿಣದ ಎಷ್ಟೋ ರೈಲು ದಾರಿಗಳಿಗೆ ಮಣ್ಣು ಹೊತ್ತಿದ್ದಾರೆ. ಇವತ್ತು ಪರಿಶಿಷ್ಟ ಜಾತಿ ಪಟ್ಟಿಯಲ್ಲಿರೋ ಭೋವಿ ಸಮುದಾಯದ ಹಿರಿಯರನ್ನ ಕೇಳಿ ನೋಡಿ, ಮುತ್ತಜ್ಜ ಯಾವ ಲೈನಿನ ಕೆಲಸಕ್ಕೆ ಹೋಗಿದ್ದ ಅಂತ ಹೇಳೋರು ಈಗಲೂ ಇದ್ದಾರೆ. ನಮ್ಮ ಬೆಂಗಳೂರು–ಮೈಸೂರು ಲೈನು ಶುರುವಾಗಿದ್ದೇ 1876–78ರ ಭೀಕರ ಬರದಲ್ಲಿ, ಹೊಟ್ಟೆಗಿಲ್ಲದವರಿಗೆ ಕೂಲಿ ಕೊಡೋ ಕಾಮಗಾರಿಯಾಗಿ.

ಈಗ ಬಾಬಾಸಾಹೇಬರ ಹತ್ತಿರ ಬರ್ತೀನಿ. ಅವರ ಫೋಟೋ ಎಲ್ಲರ ಮನೆಯಲ್ಲೂ ಇದೆ. 1923ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ 'ದಿ ಪ್ರಾಬ್ಲಂ ಆಫ್ ದಿ ರುಪೀ' ಎಷ್ಟು ಮನೆಯಲ್ಲಿದೆ? ಓದೋಕೆ ಕಷ್ಟ, ನಿಜ. ನನಗೂ ಎರಡು ಮಳೆಗಾಲ ಬೇಕಾಯ್ತು. ಆದ್ರೆ ಅವರು ಕೈಗೆತ್ತಿಕೊಂಡಿದ್ದು ನೇರವಾಗಿ ನಮ್ಮ ಇವತ್ತಿನ ಪ್ರಶ್ನೆಗೆ ಬರುತ್ತೆ. ಭಾರತದ ಸರ್ಕಾರ ತೆರಿಗೆ ವಸೂಲಿ ಮಾಡ್ತಿದ್ದದ್ದು ಬೆಳ್ಳಿ ರೂಪಾಯಿಯಲ್ಲಿ, ಲಂಡನ್ನಿಗೆ ಕಟ್ಟಬೇಕಿದ್ದದ್ದು ಚಿನ್ನದ ಪೌಂಡಿನಲ್ಲಿ. ರೈಲ್ವೆ ಬಡ್ಡಿ, ಸಾಲ, ಪಿಂಚಣಿ ಎಲ್ಲ ಸೇರಿ 'ಹೋಮ್ ಚಾರ್ಜಸ್'. 1873ರವರೆಗೂ ಒಂದು ಪೌಂಡ್ ಕಟ್ಟೋಕೆ ಹೆಚ್ಚುಕಮ್ಮಿ 10 ರೂಪಾಯಿ ಸಾಕಿತ್ತು. ಆಮೇಲೆ ಬೆಳ್ಳಿ ಬೆಲೆ ಬಿತ್ತು. 1893ರ ಹೊತ್ತಿಗೆ ಅದೇ ಒಂದು ಪೌಂಡಿಗೆ ಸುಮಾರು 16 ರೂಪಾಯಿ! ಬಡ್ಡಿ ದರ ಒಂದು ಪೈಸೆ ಏರಲಿಲ್ಲ, ಕಟ್ಟೋ ಭಾರ ಮಾತ್ರ ಒಂದೂವರೆ ಪಟ್ಟಿಗೂ ಮೀರಿತು. ಖಜಾನೆಯ ತೂತು ಮುಚ್ಚೋಕೆ ಸರ್ಕಾರ ಎಲ್ಲಿ ಕೈ ಹಾಕಿತು ಗೊತ್ತಾ? 1888ರಲ್ಲಿ ಉಪ್ಪಿನ ತೆರಿಗೆಯನ್ನ ಮಣಕ್ಕೆ 2 ರೂಪಾಯಿಯಿಂದ ಎರಡೂವರೆಗೆ ಏರಿಸಿತು. ರೈಲು ಹತ್ತದವನೂ ಉಪ್ಪು ತಿಂತಾನೆ.

ಬಾಬಾಸಾಹೇಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರೂಪಾಯಿ ಬಿದ್ದರೆ ರಫ್ತು ಹೆಚ್ಚುತ್ತೆ, ದೇಶಕ್ಕೆ ಒಳ್ಳೇದು ಅಂತ ವ್ಯಾಪಾರಿಗಳು ಹೇಳ್ತಿದ್ದ ಕಾಲ ಅದು. ಅವರು ತೋರಿಸಿದ್ದು ಇದು: ಬೆಲೆಗಳು ಏರುತ್ತವೆ, ಕೂಲಿ ಅಷ್ಟು ಬೇಗ ಏರಲ್ಲ. ಹಾಗಾಗಿ ಆ ಲಾಭ ಹೊರಗಿನಿಂದ ಬಂದದ್ದೇ ಅಲ್ಲ, ಕೂಲಿಯವನ ಜೇಬಿನಿಂದ ಮಾಲೀಕನ ಜೇಬಿಗೆ ಹೋದದ್ದು.

ಈಗ ಯೆನ್ನಿಗೆ ಬರೋಣ. ಮುಂಬೈ–ಅಹಮದಾಬಾದ್ ಲೈನು 508 ಕಿಲೋಮೀಟರ್, ಶುರುವಿನ ಅಂದಾಜು 1.08 ಲಕ್ಷ ಕೋಟಿ. ಅದರಲ್ಲಿ 81 ಪರ್ಸೆಂಟ್, ಅಂದ್ರೆ ಸುಮಾರು 88,000 ಕೋಟಿ ಜಪಾನಿನ ಸಾಲ. ತೀರಿಸಬೇಕಾದ್ದು ಯೆನ್‌ನಲ್ಲಿ, ಟಿಕೆಟ್ ದುಡ್ಡು ಬರೋದು ರೂಪಾಯಿಯಲ್ಲಿ. 1985ರಲ್ಲಿ ಒಂದು ಯೆನ್‌ಗೆ ನಾವು ಕೊಡ್ತಿದ್ದದ್ದು ಸುಮಾರು 5 ಪೈಸೆ. 1995ರಲ್ಲಿ ಸುಮಾರು 34 ಪೈಸೆ. ಶಂಕುಸ್ಥಾಪನೆಯ ಹೊತ್ತಿಗೆ ಸುಮಾರು 58 ಪೈಸೆ. ನ್ಯಾಯವಾಗಿ ಹೇಳಬೇಕು, ಆಮೇಲೆ ಯೆನ್ ಸೊರಗಿದೆ, ಈ ಕೆಲವು ವರ್ಷ ನಮಗೆ ಹೊಡೆತ ಬಿದ್ದಿಲ್ಲ. ಆದ್ರೆ 1985ರಿಂದ 1995ರ ಹತ್ತೇ ವರ್ಷದಲ್ಲಿ ಆರು ಪಟ್ಟಿಗೂ ಹೆಚ್ಚಾಗಿದ್ದನ್ನ ಕಂಡವರು 50 ವರ್ಷದ ಸಾಲವನ್ನ ಬಿಟ್ಟಿ ಅಂತ ಕರೀಬಾರದು. ಆಗ ಯೆನ್‌ನಲ್ಲಿ ಸಾಲ ಮಾಡಿ ಕೂತಿದ್ದ ಇಂಡೋನೇಷ್ಯಾದಂಥ ದೇಶಗಳು ಒಂದು ಪೈಸೆ ಹೊಸ ಸಾಲ ಮಾಡದೆಯೇ ಹೆಚ್ಚು ಸಾಲಗಾರರಾದವು.

ತಡವಾಗಿದ್ದರ ಬೆಲೆ ಬೇರೆ. 2022ರ ಆಗಸ್ಟ್ 15ಕ್ಕೆ ಓಡಿಸ್ತೀವಿ ಅಂದಿದ್ದರು. ಈಗ ಹೇಳ್ತಿರೋದು 2027ರ ಆಗಸ್ಟಿನಲ್ಲಿ ಗುಜರಾತಿನೊಳಗಿನ ಒಂದು ತುಂಡು, ಪೂರ್ತಿ ಲೈನು 2029ಕ್ಕೆ. ಸಾಲದ ಮೊದಲ ಒಪ್ಪಂದ ಆಗಿದ್ದು 2018ರಲ್ಲಿ. ಅದಕ್ಕೆ 15 ಕೂಡಿಸಿ, 2033. ಮೊದಲಿನ ಲೆಕ್ಕದಲ್ಲಿ ಅಸಲು ಕಟ್ಟೋಕೆ ಶುರು ಮಾಡುವ ಮೊದಲು ರೈಲು ಹತ್ತು ವರ್ಷ ಓಡಿ ದುಡಿದಿರಬೇಕಿತ್ತು. ಈಗ ಪೂರ್ತಿ ಲೈನು ದುಡಿಯೋಕೆ ಸಿಗೋದು ಮೂರೋ ನಾಲ್ಕೋ ವರ್ಷ. ರಿಯಾಯಿತಿ ಅವಧಿಯನ್ನ ತಡವೇ ತಿಂದುಹಾಕಿತು.

ತಡವಾಗಿದ್ದಕ್ಕೆ ಬೈಗುಳ ಮಾತ್ರ ಜಮೀನು ಕೊಡದವರಿಗೆ. ಪಾಲ್ಘರ್ ಜಿಲ್ಲೆಯ ಆದಿವಾಸಿ ಹಳ್ಳಿಗಳು ಗ್ರಾಮಸಭೆಗಳಲ್ಲಿ ಬೇಡ ಅಂದವು. ಗುಜರಾತಿನ ರೈತರು ಹೈಕೋರ್ಟಿಗೆ ಹೋದರು, ಸಾಲ ಕೊಡೋ ಜಪಾನಿನ ಸಂಸ್ಥೆಗೂ ಪತ್ರ ಬರೆದರು. ಅಭಿವೃದ್ಧಿ ವಿರೋಧಿಗಳು ಅಂತ ಅವರಿಗೆ ಹೆಸರು ಬಂತು. ಇವರನ್ನ ಮೊದಲೇ ಕೂರಿಸಿ ಕೇಳಿ ಆಮೇಲೆ ತಾರೀಖು ಘೋಷಿಸಿದ್ರೆ ಆಗ್ತಿತ್ತು. ಕೇಳಲಿಲ್ಲ.

"ಜಪಾನೂ ಸಾಲ ಮಾಡಿಯೇ ಕಟ್ಟಿದ್ದಲ್ವಾ?" ಅಂತ ಕೇಳೋರಿದ್ದಾರೆ. ಹೌದು. 1961ರಲ್ಲಿ ವಿಶ್ವಬ್ಯಾಂಕಿನಿಂದ 8 ಕೋಟಿ ಡಾಲರ್ ತಗೊಂಡರು, 1964ರ ಅಕ್ಟೋಬರಿನಲ್ಲಿ ಟೋಕಿಯೊ–ಒಸಾಕಾ ರೈಲು ಓಡಿತು. ಖರ್ಚು ಅಂದಾಜಿನ ಹತ್ತತ್ತಿರ ಎರಡು ಪಟ್ಟಾಯ್ತು. ಆದ್ರೆ ಆ ವಿಶ್ವಬ್ಯಾಂಕ್ ಸಾಲ ಒಟ್ಟು ಖರ್ಚಿನಲ್ಲಿ ಸಣ್ಣ ಪಾಲು, ತಂತ್ರಜ್ಞಾನ ಅವರದೇ, ರೈಲು ಡಬ್ಬಿಯೂ ಅವರದೇ. ನಮ್ಮದು ಐದರಲ್ಲಿ ನಾಲ್ಕು ಪಾಲು ಸಾಲ, ತಂತ್ರಜ್ಞಾನವೂ ಸಾಲ ಕೊಟ್ಟವರದೇ. ಇಂಡೋನೇಷ್ಯಾ ಇನ್ನೂ ಹತ್ತಿರದ ಉದಾಹರಣೆ. ಜಕಾರ್ತಾ–ಬಂಡುಂಗ್ ರೈಲಿಗೆ ಚೀನಾದ ಬ್ಯಾಂಕಿನಿಂದ 75 ಪರ್ಸೆಂಟ್ ಸಾಲ, ಸರ್ಕಾರದ ದುಡ್ಡು ಒಂದು ಪೈಸೆ ಬೇಡ, ಜಾಮೀನೂ ಬೇಡ ಅಂತ ಶುರು ಮಾಡಿದರು. 2019ಕ್ಕೆ ಮುಗಿಯಬೇಕಿದ್ದದ್ದು 2023ಕ್ಕೆ ಹೋಯ್ತು, ಖರ್ಚು 120 ಕೋಟಿ ಡಾಲರ್ ಮೀರಿತು. 2021ರಲ್ಲೇ ಅಧ್ಯಕ್ಷರು ಹೊಸ ಆದೇಶ ಹೊರಡಿಸಿ ಸರ್ಕಾರದ ಬಜೆಟ್ಟಿನ ಬಾಗಿಲು ತೆಗೆಯಬೇಕಾಯ್ತು. ಕಾಗದದಲ್ಲಿ ಇಲ್ಲದ ಜಾಮೀನೂ ಕೊನೆಗೆ ಜನರದೇ ಆಯ್ತು.

ನಾನು ರೈಲು ಬೇಡ ಅಂತಿಲ್ಲ. ಖಜಾನೆ ಬಿಗಿಯಾದಾಗ ಮೊದಲು ಕತ್ತರಿ ಬೀಳೋದು ಎಲ್ಲಿ ಅನ್ನೋದು ನಮಗೆ ಅನುಭವದಿಂದ ಗೊತ್ತು. ನಮ್ಮ ರಾಜ್ಯದ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆಯ 7ಡಿ ಕಲಂ ನೆನಪಿದೆಯಲ್ಲ? ಎಲ್ಲರಿಗೂ ಅಂತ ಮಾಡಿದ ದೊಡ್ಡ ಕಾಮಗಾರಿಯ ಖರ್ಚಲ್ಲೂ ದಲಿತರ ಪಾಲು ಸೇರಿದೆ ಅಂತ ಕಾಗದದಲ್ಲೇ ನಮ್ಮ ದುಡ್ಡನ್ನ ಮುಗಿಸ್ತಿದ್ದರು. ಅದನ್ನ ತೆಗೆಸೋಕೆ ಹತ್ತು ವರ್ಷ ಹಿಡೀತು, 2023ರವರೆಗೆ.

ಮೈಸೂರು–ಬೆಂಗಳೂರು–ಚೆನ್ನೈ ಹೈಸ್ಪೀಡ್ ಕಾರಿಡಾರ್ ಕೂಡ ಯೋಜನೆಯ ಪಟ್ಟಿಯಲ್ಲಿದೆ. ಮಂಡ್ಯ, ರಾಮನಗರ, ಕೋಲಾರದ ಕಡೆಯ ಗೆಳೆಯರೇ, ಸರ್ವೆ ಕಲ್ಲು ನೆಡೋಕೆ ಬಂದಾಗ ಪರಿಹಾರ ಎಷ್ಟು ಅಂತ ಕೇಳಿಯೇ ಕೇಳ್ತೀರಿ. ಅದರ ಜೊತೆಗೆ ಇನ್ನೆರಡು ಕೇಳಿ: ಸಾಲ ಯಾವ ದೇಶದ ದುಡ್ಡಲ್ಲಿ? ಆ ದುಡ್ಡು ತುಟ್ಟಿಯಾದ್ರೆ ವ್ಯತ್ಯಾಸ ಕಟ್ಟೋದು ಕೇಂದ್ರವೋ, ರಾಜ್ಯವೋ? ಬಾಯಲ್ಲಿ ಕೇಳಬೇಡಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಡ್ರಾಫ್ಟ್ ಬೇಕಾದವರು ಹೇಳಿ, ಭಾನುವಾರ ಕೂತು ಬರೆದುಕೊಡ್ತೀನಿ.