ಹೇರ್ ಡೈ ಚೀಟಿಯ ಹಿಂದಿನ ಕಥೆ

ಹೇರ್ ಡೈ ಪೊಟ್ಟಣದೊಳಗೆ ಸಣ್ಣ ಅಕ್ಷರಗಳ ಚೀಟಿಯೊಂದು ಮಡಿಸಿಟ್ಟಿರುತ್ತದೆ. ಅದನ್ನು ಓದುವವರು ವಿರಳ. ಹುಬ್ಬು, ರೆಪ್ಪೆಗಳಿಗೆ ಈ ಬಣ್ಣ ಹಚ್ಚಬೇಡಿ, ಕಣ್ಣು ಹೋದೀತು ಎಂಬ ಎಚ್ಚರಿಕೆ ಅದರಲ್ಲಿರುತ್ತದೆ. ಇದು ಅಂದಾಜಿನ ಮೇಲೆ ಬರೆದ ಮಾತಲ್ಲ. ಇದರ ಹಿಂದೆ ನಿಜವಾಗಿಯೂ ದೃಷ್ಟಿ ಕಳೆದುಕೊಂಡವರಿದ್ದಾರೆ.

1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಎಂಬ ಹದಿನೆಂಟರ ತರುಣ ಕ್ವಿನೈನ್ ತಯಾರಿಸಲು ಹೊರಟ. ಅವನಿಗೆ ದೊರೆತದ್ದು ನೇರಳೆ ಬಣ್ಣ! ಕಲ್ಲಿದ್ದಲಿನ ಡಾಂಬರಿನಿಂದ ಬಣ್ಣ ತೆಗೆಯುವ ಉದ್ಯಮಕ್ಕೆ ಅದೇ ನಾಂದಿಯಾಯಿತು. 1907ರಲ್ಲಿ ಫ್ರಾನ್ಸಿನ ಯೂಜೀನ್ ಶುಲೇರ್ ಕೃತಕ ಕೂದಲ ಬಣ್ಣ ತಯಾರಿಸಿದರು. ಎರಡು ವರ್ಷಗಳ ನಂತರ ಅವರು ಆರಂಭಿಸಿದ ಕಂಪೆನಿಯೇ ಇಂದಿನ ಲೋರಿಯಲ್.

ಕಪ್ಪು ಬಣ್ಣ ಕೊಡುವ ಮುಖ್ಯ ರಾಸಾಯನಿಕ ಪ್ಯಾರಾ ಫಿನೈಲಿನ್ ಡಯಮೀನ್, ಚಿಕ್ಕದಾಗಿ ಪಿಪಿಡಿ. ಇದರ ಪುಟ್ಟ ಅಣುಗಳು ಕೂದಲಿನೊಳಗೆ ನುಸುಳಿ, ಹೈಡ್ರೋಜನ್ ಪೆರಾಕ್ಸೈಡಿನ ನೆರವಿನಿಂದ ಒಂದಕ್ಕೊಂದು ಬೆಸೆದು, ದೊಡ್ಡದಾಗಿ ಅಲ್ಲೇ ಉಳಿಯುತ್ತವೆ. ನುಸುಳುವ ಈ ಗುಣವೇ ಅಪಾಯಕ್ಕೂ ಮೂಲ. ಚರ್ಮದೊಳಗೆ ಹೊಕ್ಕ ಅಣುವನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ಗುರುತಿಟ್ಟುಕೊಂಡರೆ, ಮುಂದೊಮ್ಮೆ ಬಣ್ಣ ಹಚ್ಚಿದಾಗ ತುರಿಕೆ, ಊತ, ನೀರ್ಗುಳ್ಳೆ ಕಾಣಿಸಿಕೊಳ್ಳುತ್ತವೆ. ಆದ್ದರಿಂದ 'ಇಷ್ಟು ವರ್ಷ ಏನೂ ಆಗಿಲ್ಲ' ಎಂಬುದು ಭರವಸೆಯ ಮಾತಲ್ಲ.

1933ರ ಸುಮಾರಿಗೆ ಅಮೆರಿಕದಲ್ಲಿ 'ಲ್ಯಾಶ್ ಲೂರ್' ಎಂಬ ರೆಪ್ಪೆಬಣ್ಣ ಮಾರಾಟದಲ್ಲಿತ್ತು. ಅದರಲ್ಲಿದ್ದುದೂ ಪಿಪಿಡಿಯೇ. ಅದನ್ನು ಹಚ್ಚಿಸಿಕೊಂಡ ಮಹಿಳೆಯೊಬ್ಬರು ಕುರುಡರಾದರು. ಇನ್ನೊಬ್ಬರು ಪ್ರಾಣವನ್ನೇ ಕಳೆದುಕೊಂಡರು. ಸರ್ಕಾರ ಕೈಕಟ್ಟಿ ಕೂರಬೇಕಾಯಿತು. ಏಕೆಂದರೆ 1906ರ ಕಾಯ್ದೆ ಆಹಾರ ಮತ್ತು ಔಷಧಗಳಿಗಷ್ಟೇ ಅನ್ವಯಿಸುತ್ತಿತ್ತು, ಸೌಂದರ್ಯವರ್ಧಕಗಳಿಗಲ್ಲ. 1938ರಲ್ಲಿ ಹೊಸ ಕಾಯ್ದೆ ಬಂದಾಗ ಮೊದಲು ಜಪ್ತಿಯಾದದ್ದು ಲ್ಯಾಶ್ ಲೂರ್. ಆದರೆ ತಲೆಗೂದಲ ಬಣ್ಣಕ್ಕೆ ಮಾತ್ರ ವಿನಾಯಿತಿ ದೊರೆಯಿತು. ಎಚ್ಚರಿಕೆಯ ಚೀಟಿ ಅಂಟಿಸಿದರೆ ಸಾಕು, ಮಾರಬಹುದು! ಹೊಣೆ ತಯಾರಕರಿಂದ ಬಳಸುವವರ ಹೆಗಲಿಗೆ ಜಾರಿತು.

ಭಾರತದ ನಿಯಮಗಳೂ ಪಿಪಿಡಿ ಇರುವ ಹೇರ್ ಡೈಗೆ ಇಂಥದೇ ಎಚ್ಚರಿಕೆಯನ್ನು ಇಂಗ್ಲಿಷ್ ಹಾಗೂ ಸ್ಥಳೀಯ ಭಾಷೆಗಳಲ್ಲಿ ಕಡ್ಡಾಯ ಮಾಡಿವೆ. ಕಿವಿಯ ಹಿಂದೆ ಅಥವಾ ಮುಂಗೈ ಒಳಭಾಗದಲ್ಲಿ ತುಸು ಬಣ್ಣ ಹಚ್ಚಿ, 24 ಗಂಟೆ ಕಾದು ನೋಡಬೇಕು. ಒಮ್ಮೆಯಲ್ಲ, ಪ್ರತಿ ಸಲವೂ.

'ನಾನು ಬಳಸುವುದು ಮೆಹೆಂದಿ' ಎನ್ನುವವರೂ ಗಮನಿಸಬೇಕು. ಮದರಂಗಿ ಸೊಪ್ಪು ಕೊಡುವುದು ಕೆಂಪು ಛಾಯೆ. ಕಡುಕಪ್ಪು ಮೆಹೆಂದಿಯಲ್ಲಿ ಹಲವು ವೇಳೆ ಬೆರೆತಿರುವುದು ಇದೇ ಪಿಪಿಡಿ. ಈ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ.

ನರೆ ಕಾಣಿಸಲು ವರ್ಷಗಳೇ ಹಿಡಿದಿವೆ. ಮುಚ್ಚುವ ಮುನ್ನ ಒಂದು ದಿನ ಕಾದರೆ ನಷ್ಟವಿಲ್ಲ.